ದವಡೆ ಕೀಲಿನ ನೋವು ಮತ್ತು ಹಲ್ಲು ಕಡಿಯುವಿಕೆ: ದಂತ ವಿಮೆ ಇಲ್ಲದ ನಾಗರಿಕರಿಗೆ ಮಾಹಿತಿ

ಪೀಠಿಕೆ

ದವಡೆಯ ಕೀಲಿನಲ್ಲಿ ನೋವು, ಬಾಯಿ ತೆರೆಯುವಾಗ ಶಬ್ದ, ಬೆಳಗಿನ ಹೊತ್ತು ಕೆನ್ನೆಯ ಬಿಗಿತ, ನಿದ್ರೆಯಲ್ಲಿ ಹಲ್ಲು ಕಡಿಯುವಿಕೆ ಇವು ಜನಸಾಮಾನ್ಯರಲ್ಲಿ ಕಂಡುಬರುವ ತೊಂದರೆಗಳು. ನಮ್ಮ ದೇಶದಲ್ಲಿ ಬಹುಪಾಲು ಜನರಿಗೆ ದಂತ ಚಿಕಿತ್ಸೆಗೆ ಪ್ರತ್ಯೇಕ ವಿಮೆ ಇರುವುದಿಲ್ಲ. ಸಾಮಾನ್ಯ ಆರೋಗ್ಯ ವಿಮೆಗಳು ಸಹ ಹೊರರೋಗಿ ದಂತ ಚಿಕಿತ್ಸೆಯ ವೆಚ್ಚವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಈ ಕಾರಣದಿಂದ ಕೆಲವರು ಖರ್ಚಿಗೆ ಹೆದರಿ ವರ್ಷಗಟ್ಟಲೆ ನೋವನ್ನು ಸಹಿಸುತ್ತಾರೆ. ಮತ್ತೆ ಕೆಲವರು ಸಾಲ ಮಾಡಿ, ಅಗತ್ಯವಿಲ್ಲದ ದುಬಾರಿ ಚಿಕಿತ್ಸೆಗೆ ಒಳಗಾಗುತ್ತಾರೆ.

ಈ ಎರಡೂ ತಪ್ಪಬೇಕು ಎಂಬುದು ಈ ಮಾಹಿತಿಯ ಉದ್ದೇಶ. ದವಡೆ ಕೀಲಿನ ತೊಂದರೆಯುಳ್ಳ ಬಹುತೇಕ ಜನರಿಗೆ ಆರಂಭದಲ್ಲಿ ಬೇಕಾಗುವುದು ಸರಳವಾದ ಹಾಗೂ ಕಡಿಮೆ ಖರ್ಚಿನ ಆರೈಕೆ. ಅದರ ಹೆಚ್ಚಿನ ಭಾಗವನ್ನು ಮನೆಯಲ್ಲಿಯೇ ಕೈಗೊಳ್ಳಬಹುದಾಗಿದೆ. ಉಳಿದದ್ದನ್ನು ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗಗಳಲ್ಲಿ ಮತ್ತು ದಂತ ವೈದ್ಯಕೀಯ ಕಾಲೇಜುಗಳಲ್ಲಿ ಪಡೆಯಬಹುದಾಗಿದೆ. ಆದರೆ ಕೆಲವು ಲಕ್ಷಣಗಳು ಕಂಡುಬಂದಾಗ ಮನೆಯಲ್ಲಿ ಕಾಯುವುದು ಅಪಾಯಕರ. ಅವುಗಳನ್ನು ಕೆಳಗೆ ಪ್ರತ್ಯೇಕವಾಗಿ ನೀಡಲಾಗಿದೆ.

1. ದವಡೆ ಕೀಲಿನ ತೊಂದರೆ ಎಂದರೇನು?

ಕಿವಿಯ ಮುಂಭಾಗದಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಚಲಿಸುವ ಭಾಗವೇ ದವಡೆ ಕೀಲು. ಕೆಳದವಡೆಯ ಮೂಳೆಯ ತುದಿ ಮತ್ತು ತಲೆಬುರುಡೆಯ ಮೂಳೆ ಇಲ್ಲಿ ಕೂಡುತ್ತವೆ. ಅವೆರಡರ ನಡುವೆ ನಾರಿನಂತಹ ಅಂಗಾಂಶದ ಒಂದು ತೆಳುವಾದ ಬಿಲ್ಲೆ ಇರುತ್ತದೆ. ಕೆನ್ನೆ ಮತ್ತು ಕಣತಲೆಯ ಸ್ನಾಯುಗಳು ಈ ಕೀಲನ್ನು ಚಲಿಸುತ್ತವೆ. ಮಾತನಾಡುವಾಗ, ಅಗಿಯುವಾಗ, ನುಂಗುವಾಗ ಮತ್ತು ಆಕಳಿಸುವಾಗ ಈ ಕೀಲು ಕೆಲಸ ಮಾಡುವುದರಿಂದ ಅದಕ್ಕೆ ಪೂರ್ಣ ವಿಶ್ರಾಂತಿ ದೊರೆಯುವುದು ಕಡಿಮೆ.

ತೊಂದರೆಯು ಸ್ನಾಯುವಿನಲ್ಲಿ, ಬಿಲ್ಲೆಯಲ್ಲಿ ಅಥವಾ ಕೀಲಿನ ಮೂಳೆಯಲ್ಲಿ ಇರಬಹುದು. ಸ್ನಾಯುವಿನ ನೋವೇ ಹೆಚ್ಚು ಸಾಮಾನ್ಯ. 20ರಿಂದ 40 ವರ್ಷ ವಯಸ್ಸಿನವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಸಾಮಾನ್ಯ ಲಕ್ಷಣಗಳು:
- ಕಿವಿಯ ಮುಂದೆ, ಕೆನ್ನೆಯಲ್ಲಿ ಅಥವಾ ಕಣತಲೆಯಲ್ಲಿ ನೋವು. ಅಗಿಯುವಾಗ ನೋವು ಹೆಚ್ಚುವುದು
- ಬೆಳಗ್ಗೆ ಏಳುವಾಗ ದವಡೆ ಬಿಗಿದಿರುವುದು, ತಲೆನೋವು
- ಕಿವಿಯಲ್ಲಿ ಸೋಂಕು ಇಲ್ಲದಿದ್ದರೂ ಕಿವಿನೋವಿನ ಅನುಭವ
- ಬಾಯಿ ತೆರೆಯುವಾಗ ಕಟಕಟ ಶಬ್ದ
- ಬಾಯಿ ಪೂರ್ಣವಾಗಿ ತೆರೆಯಲಾಗದಿರುವುದು ಅಥವಾ ಒಂದು ಬದಿಗೆ ಓಲುವುದು

ನೋವಿಲ್ಲದೆ, ಬಾಯಿ ತೆರೆಯಲು ಅಡ್ಡಿಯಿಲ್ಲದೆ ಕೇವಲ ಶಬ್ದ ಮಾತ್ರ ಬರುತ್ತಿದ್ದರೆ ಅದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯ ಅಗತ್ಯವಿಲ್ಲ. ಅನೇಕ ಆರೋಗ್ಯವಂತರ ಕೀಲಿನಲ್ಲಿಯೂ ಇಂತಹ ಶಬ್ದ ಇರುತ್ತದೆ.

ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ವಯಸ್ಕ ವ್ಯಕ್ತಿಯು ತನ್ನದೇ ಕೈಯ ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಹಾಗೂ ಕೆಳಗಿನ ಮುಂಹಲ್ಲುಗಳ ನಡುವೆ ಇಡಲು ಸಾಧ್ಯವಾದರೆ ಬಾಯಿ ತೆರೆಯುವ ಪ್ರಮಾಣ ಸಾಮಾನ್ಯವಾಗಿದೆ ಎಂದು ತಿಳಿಯಬಹುದು. ಎರಡು ಬೆರಳು ಮಾತ್ರ ಹಿಡಿಸಿದರೆ ದಂತ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಪರೀಕ್ಷಿಸುವ ಸಲುವಾಗಿ ಬಾಯಿಯನ್ನು ಬಲವಂತವಾಗಿ ತೆರೆಯಬಾರದು.

2. ಹಲ್ಲು ಕಡಿಯುವಿಕೆ

ಹಲ್ಲು ಕಡಿಯುವಿಕೆಯಲ್ಲಿ ಎರಡು ವಿಧಗಳಿವೆ. ಮೊದಲನೆಯದು ನಿದ್ರೆಯಲ್ಲಿ ಆಗುವಂಥದ್ದು. ಇದು ರೋಗಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಶಬ್ದ ಕೇಳಿಸುತ್ತದೆ. ಎರಡನೆಯದು ಎಚ್ಚರವಿರುವಾಗ ಹಲ್ಲುಗಳನ್ನು ಬಿಗಿಯಾಗಿ ಕಚ್ಚಿ ಹಿಡಿಯುವುದು. ಗಮನವಿಟ್ಟು ಕೆಲಸ ಮಾಡುವಾಗ, ವಾಹನ ಚಲಾಯಿಸುವಾಗ ಅಥವಾ ಆತಂಕದಲ್ಲಿರುವಾಗ ಇದು ಅರಿವಿಲ್ಲದೆ ನಡೆಯುತ್ತದೆ. ಇದರಲ್ಲಿ ಶಬ್ದ ಇರುವುದಿಲ್ಲ.

ಹಲ್ಲುಗಳ ಜೋಡಣೆ ಸರಿಯಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ಹಿಂದೆ ನಂಬಲಾಗಿತ್ತು. ಈಗಿನ ವೈದ್ಯಕೀಯ ತಿಳಿವಳಿಕೆ ಹಾಗಿಲ್ಲ. ಮಾನಸಿಕ ಒತ್ತಡ, ನಿದ್ರೆಯಲ್ಲಿ ಮಿದುಳಿನ ಕ್ಷಣಿಕ ಎಚ್ಚರ, ತಂಬಾಕು, ಮದ್ಯಪಾನ, ಕಾಫಿ ಮತ್ತು ಚಹಾದ ಅತಿಯಾದ ಸೇವನೆ ಇದಕ್ಕೆ ಸಂಬಂಧಿಸಿದ ಅಂಶಗಳು. ಖಿನ್ನತೆಗೆ ನೀಡುವ ಫ್ಲೂಆಕ್ಸೆಟಿನ್, ಸೆರ್ಟ್ರಾಲಿನ್ ಮುಂತಾದ ಕೆಲವು ಔಷಧಿಗಳಿಂದಲೂ ಕೆಲವರಲ್ಲಿ ಇದು ಆರಂಭವಾಗುತ್ತದೆ. ಅಂತಹ ಸಂದರ್ಭದಲ್ಲಿ ಔಷಧಿಯನ್ನು ಸ್ವತಃ ನಿಲ್ಲಿಸದೆ, ಅದನ್ನು ಬರೆದುಕೊಟ್ಟ ವೈದ್ಯರಿಗೆ ವಿಷಯವನ್ನು ತಿಳಿಸತಕ್ಕದ್ದು.

ಹಲ್ಲು ಕಡಿಯುವುದರ ಜೊತೆಗೆ ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ನಿಂತು ಮತ್ತೆ ಆರಂಭವಾಗುವುದು ಹಾಗೂ ಹಗಲಿನಲ್ಲಿ ವಿಪರೀತ ತೂಕಡಿಕೆ ಇದ್ದರೆ ಅದು ನಿದ್ರಾ ಉಸಿರುಕಟ್ಟುವಿಕೆ ಇರಬಹುದು. ಇದಕ್ಕೆ ದಂತ ಚಿಕಿತ್ಸೆ ಮಾತ್ರ ಸಾಲದು. ಮೊದಲು ಸಾಮಾನ್ಯ ವೈದ್ಯರು ಅಥವಾ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು.

ಹಲ್ಲು ಕಡಿಯುವ ಎಲ್ಲರಿಗೂ ಚಿಕಿತ್ಸೆ ಬೇಕೆಂದಿಲ್ಲ. ಹಲ್ಲು ಸವೆದು ಚಪ್ಪಟೆಯಾಗುವುದು, ಹಲ್ಲು ಅಥವಾ ಹಿಂದೆ ತುಂಬಿಸಿದ ಸಿಮೆಂಟು ಒಡೆಯುವುದು, ತಣ್ಣನೆಯ ಪದಾರ್ಥಕ್ಕೆ ಜುಮ್ಮೆನ್ನುವುದು, ಕೆನ್ನೆಯ ಸ್ನಾಯು ನೋಯುವುದು ಇವು ಇದ್ದಲ್ಲಿ ಚಿಕಿತ್ಸೆ ಅಗತ್ಯ.

3. ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಈ ಕೆಳಕಂಡ ಲಕ್ಷಣಗಳಿದ್ದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯಬಾರದು:

(ಅ) ದವಡೆ ನೋವಿನೊಂದಿಗೆ ಎದೆನೋವು, ಎಡಗೈ ನೋವು, ಬೆವರು ಅಥವಾ ಉಸಿರಾಟದ ತೊಂದರೆ: ಇದು ಹೃದಯಾಘಾತದ ಲಕ್ಷಣವಾಗಿರಬಹುದು. ಕೂಡಲೇ 108 ಸಂಖ್ಯೆಗೆ ಕರೆ ಮಾಡಬೇಕು.

(ಆ) ಗಾಯವಾದ ಕೆಲವು ದಿನಗಳ ನಂತರ ದವಡೆ ಬಿಗಿದು ಬಾಯಿ ತೆರೆಯಲಾಗದಿರುವುದು: ಇದು ಧನುರ್ವಾಯು ಇರಬಹುದು. ಇದು ಪ್ರಾಣಾಪಾಯಕಾರಿ ಕಾಯಿಲೆ.

(ಇ) ಆಕಳಿಸಿದಾಗ ಅಥವಾ ಬಾಯಿ ಅಗಲಿಸಿದಾಗ ದವಡೆ ಜಾರಿ, ಬಾಯಿ ಮುಚ್ಚಲಾಗದಿರುವುದು: ಮನೆಯವರು ತಳ್ಳಿ ಸರಿಪಡಿಸಲು ಯತ್ನಿಸಬಾರದು. ವೈದ್ಯರು ಅದನ್ನು ಸ್ವಸ್ಥಾನಕ್ಕೆ ಕೂರಿಸುತ್ತಾರೆ.

(ಈ) ಮುಖ ಅಥವಾ ಕತ್ತಿನ ಊತ, ಜ್ವರ, ಕೀವು, ನುಂಗಲು ಕಷ್ಟ: ಬುದ್ಧಿಹಲ್ಲಿನ ಅಥವಾ ಬೇರೆ ಹಲ್ಲಿನ ಸೋಂಕು ಹರಡುತ್ತಿರಬಹುದು.

(ಉ) 50 ವರ್ಷ ಮೀರಿದವರಲ್ಲಿ ಹೊಸದಾಗಿ ಕಣತಲೆಯ ನೋವು, ಅಗಿಯುವಾಗ ದವಡೆ ಸೋಲುವುದು, ದೃಷ್ಟಿ ಮಂಜಾಗುವುದು: ಇದು ರಕ್ತನಾಳದ ಉರಿಯೂತವಾಗಿರಬಹುದು. ಚಿಕಿತ್ಸೆ ತಡವಾದಲ್ಲಿ ದೃಷ್ಟಿ ಹೋಗುವ ಸಂಭವವಿದೆ.

(ಊ) ಪೆಟ್ಟು ಬಿದ್ದ ನಂತರ ಹಲ್ಲುಗಳು ಮೊದಲಿನಂತೆ ಕೂಡದಿರುವುದು: ದವಡೆ ಮೂಳೆ ಮುರಿದಿರಬಹುದು.

4. ಅಡಿಕೆ, ಗುಟ್ಕಾ ಬಳಸುವವರು ಗಮನಿಸಬೇಕಾದ ವಿಷಯ

ನಮ್ಮ ರಾಜ್ಯದಲ್ಲಿ ಬಾಯಿ ತೆರೆಯಲಾಗದ ತೊಂದರೆಗೆ ಮತ್ತೊಂದು ಮುಖ್ಯ ಕಾರಣವಿದೆ. ಅಡಿಕೆ, ಗುಟ್ಕಾ, ಪಾನ್ ಮಸಾಲಾ ಅಗಿಯುವವರಲ್ಲಿ ಬಾಯಿಯ ಒಳಪದರವು ಕ್ರಮೇಣ ನಾರುಗಟ್ಟಿ ಗಟ್ಟಿಯಾಗುತ್ತದೆ. ಖಾರದ ಪದಾರ್ಥ ತಿಂದಾಗ ಉರಿ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿರುಸಾಗುವುದು, ತಿಂಗಳಿಂದ ತಿಂಗಳಿಗೆ ಬಾಯಿ ತೆರೆಯುವ ಪ್ರಮಾಣ ಕಡಿಮೆಯಾಗುವುದು ಇದರ ಲಕ್ಷಣಗಳು. ಇದನ್ನು ದವಡೆ ಕೀಲಿನ ನೋವೆಂದು ಭಾವಿಸಿ ಶಾಖ ಕೊಡುತ್ತ ಕುಳಿತರೆ ಅಮೂಲ್ಯವಾದ ಸಮಯ ವ್ಯರ್ಥವಾಗುತ್ತದೆ. ಇದು ಮುಂದೆ ಬಾಯಿ ಕ್ಯಾನ್ಸರ್ ಆಗಿ ಮಾರ್ಪಡಬಲ್ಲ ಸ್ಥಿತಿ. ತಂಬಾಕು ಬೆರೆಸದ ಬರಿಯ ಅಡಿಕೆಯಿಂದಲೂ ಇದು ಬರುತ್ತದೆ. ಇಂತಹವರು ಅಗಿಯುವ ಅಭ್ಯಾಸವನ್ನು ಕೂಡಲೇ ನಿಲ್ಲಿಸಿ ದಂತ ವೈದ್ಯರ ಬಳಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ತಂಬಾಕು ತ್ಯಜಿಸಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ನ್ನು ಸಂಪರ್ಕಿಸಬಹುದು.

5. ಮನೆಯಲ್ಲಿ ಕೈಗೊಳ್ಳಬೇಕಾದ ಆರೈಕೆ

ಮೇಲಿನ ಅಪಾಯದ ಲಕ್ಷಣಗಳು ಇಲ್ಲದಿದ್ದಲ್ಲಿ ಈ ಕೆಳಕಂಡ ಕ್ರಮಗಳನ್ನು ಕನಿಷ್ಠ 6 ವಾರಗಳ ಕಾಲ ಬಿಡದೆ ಅನುಸರಿಸಬೇಕು. ಎರಡು ದಿನ ಮಾಡಿ ಕೈಬಿಟ್ಟರೆ ಪ್ರಯೋಜನ ಕಾಣುವುದಿಲ್ಲ.

ದವಡೆಯ ವಿಶ್ರಾಂತಿ ಭಂಗಿ: ತುಟಿಗಳು ಕೂಡಿರಬೇಕು, ಹಲ್ಲುಗಳು ಬಿಟ್ಟಿರಬೇಕು, ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂಭಾಗದ ಅಂಗುಳನ್ನು ಹಗುರವಾಗಿ ಮುಟ್ಟಿರಬೇಕು. ಊಟ ಮತ್ತು ನುಂಗುವ ಸಮಯವನ್ನು ಬಿಟ್ಟರೆ ಮೇಲಿನ ಹಾಗೂ ಕೆಳಗಿನ ಹಲ್ಲುಗಳು ಒಂದನ್ನೊಂದು ಮುಟ್ಟುವ ಅಗತ್ಯವಿಲ್ಲ. ಹಗಲಿನಲ್ಲಿ ಹಲ್ಲು ಬಿಗಿಹಿಡಿಯುವ ಅಭ್ಯಾಸವುಳ್ಳವರಿಗೆ ಇದು ಅತಿ ಮುಖ್ಯವಾದ ಕ್ರಮ. ಗಡಿಯಾರ, ಕನ್ನಡಿ, ಅಡುಗೆಮನೆಯ ಬಾಗಿಲು, ವಾಹನದ ಹಿಡಿಕೆ ಮುಂತಾದ ಕಡೆ ಒಂದು ಬಣ್ಣದ ಚುಕ್ಕೆಯನ್ನು ಅಂಟಿಸಿ, ಅದನ್ನು ಕಂಡಾಗಲೆಲ್ಲ ಹಲ್ಲುಗಳು ಬಿಟ್ಟಿವೆಯೇ ಎಂದು ನೋಡಿಕೊಳ್ಳುವುದು ಸುಲಭ ಉಪಾಯ.

ಆಹಾರ: ಮೊದಲ 2-3 ವಾರಗಳು ಮೆತ್ತನೆಯ ಆಹಾರ ಸೇವಿಸಬೇಕು. ರಾಗಿ ಮುದ್ದೆ, ಗಂಜಿ, ಅನ್ನ-ಸಾರು, ಇಡ್ಲಿ, ಉಪ್ಪಿಟ್ಟು, ಬೇಯಿಸಿದ ಬೇಳೆ ಮತ್ತು ತರಕಾರಿ, ಮೊಸರು, ಬಾಳೆಹಣ್ಣು, ಮೊಟ್ಟೆ ಸೂಕ್ತ. ಜೋಳದ ಖಡಕ್ ರೊಟ್ಟಿಯ ಬದಲು ಬಿಸಿಯಾದ ಮೆತ್ತನೆಯ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಬಹುದು. ಚಕ್ಕುಲಿ, ನಿಪ್ಪಟ್ಟು, ಹುರಿದ ಕಡಲೆ, ಕಬ್ಬು, ಕೊಬ್ಬರಿ, ಚ್ಯೂಯಿಂಗ್ ಗಮ್ ಬೇಡ. ಸೇಬು, ಸೀಬೆ ಹಣ್ಣುಗಳನ್ನು ಕಚ್ಚಿ ತಿನ್ನದೆ ಸಣ್ಣಗೆ ಹೆಚ್ಚಿ ತಿನ್ನಬೇಕು. ನೋವು ಕಡಿಮೆಯಾದಂತೆ ಸಾಮಾನ್ಯ ಆಹಾರಕ್ಕೆ ಮರಳಬೇಕು.

ಶಾಖ: ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆ ಮತ್ತು ಕಣತಲೆಯ ಮೇಲೆ 15ರಿಂದ 20 ನಿಮಿಷ, ದಿನಕ್ಕೆ 2-3 ಬಾರಿ ಇಡಬೇಕು. ಚರ್ಮ ಸುಡುವಷ್ಟು ಬಿಸಿ ಇರಬಾರದು. ಹೊಸದಾಗಿ ಪೆಟ್ಟು ಬಿದ್ದಿದ್ದರೆ ಅಥವಾ ತೀಕ್ಷ್ಣ ನೋವಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಡಬಹುದು. ಊತ ಮತ್ತು ಜ್ವರ ಇದ್ದಲ್ಲಿ ಶಾಖ ಕೊಡಬಾರದು.

ವ್ಯಾಯಾಮ: ನಾಲಿಗೆಯ ತುದಿಯನ್ನು ಅಂಗುಳಿಗೆ ಒತ್ತಿ ಹಿಡಿದು, ನಾಲಿಗೆ ಬಿಡದಂತೆ ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಬೇಕು. ಒಂದು ಸಲಕ್ಕೆ 6 ಬಾರಿಯಂತೆ ದಿನಕ್ಕೆ ಹಲವು ಸಲ ಮಾಡಬಹುದು. ಕನ್ನಡಿಯ ಮುಂದೆ ನಿಂತು, ದವಡೆ ಪಕ್ಕಕ್ಕೆ ಓಲದೆ ನೇರವಾಗಿ ತೆರೆಯುವಂತೆ ನೋಡಿಕೊಳ್ಳಬೇಕು. ವ್ಯಾಯಾಮದಿಂದ ನೋವು ಹೆಚ್ಚಿದರೆ ನಿಲ್ಲಿಸಬೇಕು.

ಬಿಡಬೇಕಾದ ಅಭ್ಯಾಸಗಳು: ಹೊಲಿಗೆ ಕೆಲಸದಲ್ಲಿ ದಾರವನ್ನು ಹಲ್ಲಿನಿಂದ ಕತ್ತರಿಸುವುದು, ಸೂಜಿ ಅಥವಾ ಮೊಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು, ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆಯುವುದು, ಉಗುರು ಕಚ್ಚುವುದು, ದೂರವಾಣಿಯನ್ನು ಕಿವಿ ಮತ್ತು ಭುಜದ ನಡುವೆ ಒತ್ತಿ ಹಿಡಿಯುವುದು, ಗಲ್ಲದ ಮೇಲೆ ಕೈಯಿಟ್ಟು ಭಾರ ಹಾಕುವುದು. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿಯ ಆಸರೆ ಕೊಟ್ಟು ಬಾಯಿ ಅತಿಯಾಗಿ ತೆರೆಯದಂತೆ ತಡೆಯಬೇಕು.

ನಿದ್ರೆ: ಬೋರಲಾಗಿ ಮಲಗಬಾರದು. ಸಂಜೆಯ ನಂತರ ಕಾಫಿ, ಚಹಾ, ತಂಬಾಕು ಮತ್ತು ಮದ್ಯವನ್ನು ಬಿಡುವುದರಿಂದ ಕೆಲವರಲ್ಲಿ ಹಲ್ಲು ಕಡಿಯುವುದು ತಗ್ಗುತ್ತದೆ.

6. ನೋವಿನ ಮಾತ್ರೆಗಳ ಬಳಕೆ

ಆರೋಗ್ಯವಂತ ವಯಸ್ಕರು ಅಲ್ಪಾವಧಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಮಾತ್ರೆಯನ್ನು 6 ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬಹುದು. ಯಾವುದೇ ಕಾರಣಕ್ಕೂ ದಿನಕ್ಕೆ 4 ಗ್ರಾಂ ಮೀರಬಾರದು. ಯಕೃತ್ತಿನ ಕಾಯಿಲೆ ಇರುವವರು, ಮದ್ಯಪಾನ ಮಾಡುವವರು ಮತ್ತು ಕಡಿಮೆ ತೂಕದವರು ವೈದ್ಯರನ್ನು ಕೇಳಿಯೇ ಬಳಸಬೇಕು. ಶೀತ-ಜ್ವರದ ಅನೇಕ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುವುದರಿಂದ ಎರಡನ್ನೂ ಒಟ್ಟಿಗೆ ನುಂಗಬಾರದು.

ಐಬುಪ್ರೊಫೇನ್, ಡೈಕ್ಲೊಫೆನಾಕ್ ಮುಂತಾದ ಮಾತ್ರೆಗಳನ್ನು ಊಟದ ನಂತರ, ವೈದ್ಯರ ಸಲಹೆಯಂತೆ ಮಾತ್ರ ಬಳಸಬೇಕು. ಮೂತ್ರಪಿಂಡದ ಕಾಯಿಲೆ, ಹೊಟ್ಟೆ ಹುಣ್ಣು, ಅಸ್ತಮಾ, ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರಿಗೆ ಹಾಗೂ ಗರ್ಭಿಣಿಯರಿಗೆ ಇವು ಅಪಾಯ ಉಂಟುಮಾಡಬಹುದು. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಬಿಡಿಯಾಗಿ ಕೊಡುವ ಮಾತ್ರೆಗಳ ಮಿಶ್ರಣವನ್ನು ಸೇವಿಸಬಾರದು. ನೋವಿನ ಮಾತ್ರೆ ಒಂದು ವಾರಕ್ಕಿಂತ ಹೆಚ್ಚು ಕಾಲ ಬೇಕಾದರೆ ವೈದ್ಯರನ್ನು ಕಾಣತಕ್ಕದ್ದು.

ವೈದ್ಯರು ಬರೆದುಕೊಟ್ಟ ಔಷಧಿಗಳು ಸರ್ಕಾರಿ ಆಸ್ಪತ್ರೆಯ ಔಷಧಾಲಯದಲ್ಲಿ ದಾಸ್ತಾನಿದ್ದಲ್ಲಿ ಅಲ್ಲಿಯೇ ಪಡೆಯಬಹುದು. ಜನೌಷಧಿ ಕೇಂದ್ರಗಳಲ್ಲಿ ಇದೇ ಔಷಧಿಗಳು ಕಂಪನಿ ಹೆಸರಿನ ಔಷಧಿಗಳಿಗಿಂತ ಕಡಿಮೆ ಬೆಲೆಗೆ ದೊರೆಯುತ್ತವೆ.

7. ನೈಟ್ ಗಾರ್ಡ್: ಯಾರಿಗೆ, ಯಾವುದು?

ರಾತ್ರಿ ಮಲಗುವಾಗ ಹಲ್ಲುಗಳ ಮೇಲೆ ಧರಿಸುವ ಅಚ್ಚನ್ನು ನೈಟ್ ಗಾರ್ಡ್ ಎನ್ನುತ್ತಾರೆ. ಇದು ಹಲ್ಲು ಕಡಿಯುವುದನ್ನು ಗುಣಪಡಿಸುವುದಿಲ್ಲ. ಹಲ್ಲು ಸವೆಯದಂತೆ ಕಾಪಾಡುತ್ತದೆ ಮತ್ತು ಕೆಲವರಲ್ಲಿ ನೋವನ್ನು ತಗ್ಗಿಸುತ್ತದೆ. ಆದುದರಿಂದ ಹಲ್ಲು ಸವೆಯದೆ, ನೋವೂ ಇಲ್ಲದವರು ಇದನ್ನು ಖರೀದಿಸಲು ಆತುರಪಡಬೇಕಾಗಿಲ್ಲ.

ದಂತ ವೈದ್ಯರು ರೋಗಿಯ ಹಲ್ಲಿನ ಅಳತೆ ತೆಗೆದು ಗಟ್ಟಿಯಾದ ಅಕ್ರಿಲಿಕ್‌ನಿಂದ ಮಾಡಿಸುವ, ಒಂದು ದವಡೆಯ ಎಲ್ಲ ಹಲ್ಲುಗಳನ್ನೂ ಆವರಿಸುವ ಅಚ್ಚು ಉತ್ತಮವಾದುದು. ಬಿಸಿನೀರಿನಲ್ಲಿ ಮೆದುಗೊಳಿಸಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಸಿದ್ಧ ಗಾರ್ಡ್‌ಗಳು ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುತ್ತವೆ. ಇವುಗಳನ್ನು ತಾತ್ಕಾಲಿಕವಾಗಿ ಮಾತ್ರ ಬಳಸಬಹುದು. ಮೆತ್ತನೆಯ ಗಾರ್ಡ್ ಧರಿಸಿದಾಗ ಕೆಲವರು ಮತ್ತಷ್ಟು ಬಲವಾಗಿ ಕಚ್ಚುತ್ತಾರೆ. ಮುಂಹಲ್ಲುಗಳನ್ನು ಮಾತ್ರ ಅಥವಾ ಹಿಂದಿನ ಹಲ್ಲುಗಳನ್ನು ಮಾತ್ರ ಆವರಿಸುವ ಗಾರ್ಡನ್ನು ಬಹಳ ಕಾಲ ಧರಿಸಿದರೆ ಹಲ್ಲುಗಳು ಕೂಡುವ ರೀತಿಯೇ ಬದಲಾಗಬಹುದು.

ಅಲುಗಾಡುವ ಹಲ್ಲು ಇರುವವರು, ಹಲ್ಲಿಗೆ ತಂತಿ ಹಾಕಿಸಿಕೊಂಡವರು ಮತ್ತು ಮಕ್ಕಳು ಸಿದ್ಧ ಗಾರ್ಡನ್ನು ಬಳಸಬಾರದು. ಧರಿಸಿದ ನಂತರ ನೋವು ಹೆಚ್ಚಿದರೆ ಅಥವಾ ಬೆಳಗ್ಗೆ ತೆಗೆದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ ಬಳಕೆಯನ್ನು ನಿಲ್ಲಿಸಿ ದಂತ ವೈದ್ಯರಿಗೆ ತೋರಿಸಬೇಕು. ಗಾರ್ಡನ್ನು ತಣ್ಣೀರು ಮತ್ತು ಮೃದುವಾದ ಬ್ರಷ್‌ನಿಂದ ಪ್ರತಿದಿನ ತೊಳೆಯಬೇಕು. ತಯಾರಾದ ಗಾರ್ಡನ್ನು ಬಿಸಿನೀರಿಗೆ ಹಾಕಿದರೆ ಅದರ ಆಕಾರ ಕೆಡುತ್ತದೆ.

8. ಆತುರದಿಂದ ಒಪ್ಪಿಕೊಳ್ಳಬಾರದ ಚಿಕಿತ್ಸೆಗಳು

ದವಡೆ ಕೀಲಿನ ನೋವಿಗೆ ಮೊದಲು ನೀಡಬೇಕಾದುದು, ಬೇಡವೆನಿಸಿದಾಗ ನಿಲ್ಲಿಸಬಹುದಾದ ಚಿಕಿತ್ಸೆ. ಹಲ್ಲನ್ನು ಒಮ್ಮೆ ಉಜ್ಜಿ ತೆಗೆದರೆ ಅದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಕೀಲಿನ ನೋವನ್ನು ಗುಣಪಡಿಸುವುದಕ್ಕಾಗಿಯೇ ಈ ಕೆಳಕಂಡ ಚಿಕಿತ್ಸೆಗಳನ್ನು ಸೂಚಿಸಿದಲ್ಲಿ, ಒಪ್ಪುವ ಮುನ್ನ ಸರ್ಕಾರಿ ಅಥವಾ ಬೋಧನಾ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಪಡೆಯುವುದು ಒಳಿತು:

- ಹಲ್ಲುಗಳು ಸರಿಯಾಗಿ ಕೂಡುವಂತೆ ಅವುಗಳ ಮೇಲ್ಮೈಯನ್ನು ಉಜ್ಜಿ ತೆಗೆಯುವುದು
- ಬಾಯಿಯ ಎಲ್ಲ ಹಲ್ಲುಗಳಿಗೆ ಕ್ಯಾಪ್ ಹಾಕುವುದು
- ಹುಳುಕಿಲ್ಲದ ಹಲ್ಲನ್ನು ಕೀಳುವುದು ಅಥವಾ ಅದಕ್ಕೆ ರೂಟ್ ಕೆನಾಲ್ ಮಾಡುವುದು
- ನೋವಿನ ಕಾರಣಕ್ಕಾಗಿ ಮಾತ್ರ ಹಲ್ಲಿಗೆ ತಂತಿ ಹಾಕುವುದು
- ಕೀಲಿನ ಶಸ್ತ್ರಚಿಕಿತ್ಸೆ

ಕೆನ್ನೆಯ ಸ್ನಾಯುವಿಗೆ ನೀಡುವ ಬೊಟಾಕ್ಸ್ ಚುಚ್ಚುಮದ್ದು ದುಬಾರಿಯಾಗಿದ್ದು, ಅದರ ಪರಿಣಾಮ ಕೆಲವು ತಿಂಗಳು ಮಾತ್ರ ಉಳಿಯುತ್ತದೆ. ಇದೂ ಮೊದಲ ಚಿಕಿತ್ಸೆಯಲ್ಲ.

ಕೀಲು ಸಂಪೂರ್ಣ ಬೆಸೆದುಕೊಂಡು ಬಾಯಿಯೇ ತೆರೆಯದಿರುವುದು, ಮೂಳೆ ಮುರಿತ, ಗಡ್ಡೆ ಮುಂತಾದ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯು ನಿಜವಾಗಿಯೂ ಅಗತ್ಯ. ಇಂತಹ ಸಂದರ್ಭದಲ್ಲಿ ಖರ್ಚಿನ ಭಯದಿಂದ ಮುಂದೂಡಬಾರದು. ಇದಕ್ಕೆ ಲಭ್ಯವಿರುವ ನೆರವಿನ ವಿವರ ಕಂಡಿಕೆ 10ರಲ್ಲಿದೆ.

9. ಸರ್ಕಾರಿ ಸೇವೆಗಳನ್ನು ಪಡೆಯುವ ವಿಧಾನ

ಮೊದಲ ಹಂತ: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಅಪಾಯದ ಲಕ್ಷಣಗಳನ್ನು ಪರೀಕ್ಷಿಸಿ, ನೋವಿಗೆ ಔಷಧಿ ನೀಡಿ, ಅಗತ್ಯವಿದ್ದಲ್ಲಿ ಮುಂದಿನ ಆಸ್ಪತ್ರೆಗೆ ಚೀಟಿ ನೀಡುತ್ತಾರೆ.

ಎರಡನೇ ಹಂತ: ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ದಂತ ವಿಭಾಗ. ಹುಳುಕು ಹಲ್ಲು, ಬುದ್ಧಿಹಲ್ಲಿನ ಸೋಂಕು ಮುಂತಾದ ಬೇರೆ ಕಾರಣಗಳಿವೆಯೇ ಎಂಬುದನ್ನು ಇಲ್ಲಿ ನೋಡಲಾಗುತ್ತದೆ. ಹೊರಡುವ ಮುನ್ನ ದಂತ ವೈದ್ಯರು ಇರುವ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೂರನೇ ಹಂತ: ಬೆಂಗಳೂರಿನಲ್ಲಿ ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ಇವಲ್ಲದೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ಖಾಸಗಿ ದಂತ ವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಿವೆ. ಇಲ್ಲಿ ವಿದ್ಯಾರ್ಥಿಗಳು ಹಾಗೂ ಸ್ನಾತಕೋತ್ತರ ವೈದ್ಯರು ಅನುಭವಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುವುದರಿಂದ ದರಗಳು ಖಾಸಗಿ ಚಿಕಿತ್ಸಾಲಯಗಳಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ ಇರುತ್ತವೆ. ಆದರೆ ಹೆಚ್ಚು ಬಾರಿ ಬರಬೇಕಾಗುತ್ತದೆ ಮತ್ತು ಪ್ರತಿ ಭೇಟಿಗೂ ಹೆಚ್ಚು ಸಮಯ ಹಿಡಿಯುತ್ತದೆ. ದಿನಗೂಲಿಯವರು ತಮ್ಮ ಕೆಲಸದ ದಿನಗಳನ್ನು ತಿಳಿಸಿ, ಅದಕ್ಕೆ ಹೊಂದುವ ದಿನಾಂಕವನ್ನು ಮೊದಲೇ ಕೋರಬಹುದು.

ದಂತ ಕಾಲೇಜಿನಲ್ಲಿ ಯಾವ ವಿಭಾಗಕ್ಕೆ ಹೋಗಬೇಕು?
- ಬಾಯಿಯ ರೋಗಗಳ ಪತ್ತೆ ಮತ್ತು ಎಕ್ಸ್-ರೇ ವಿಭಾಗ: ಮೊದಲ ತಪಾಸಣೆ, ಕೀಲಿನ ನೋವಿನ ಚಿಕಿತ್ಸೆ
- ಕೃತಕ ದಂತ ವಿಭಾಗ: ನೈಟ್ ಗಾರ್ಡ್ ತಯಾರಿಕೆ, ಸವೆದ ಹಲ್ಲುಗಳ ಚಿಕಿತ್ಸೆ
- ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಾ ವಿಭಾಗ: ದವಡೆ ಜಾರುವಿಕೆ, ಮುರಿತ, ಕೀಲು ಬೆಸೆದಿರುವುದು

ಜೊತೆಯಲ್ಲಿ ಒಯ್ಯಬೇಕಾದ ದಾಖಲೆಗಳು:
1. ಆಧಾರ್ ಚೀಟಿ ಅಥವಾ ಬೇರೆ ಗುರುತಿನ ಚೀಟಿ
2. ಪಡಿತರ ಚೀಟಿ (ಬಿ.ಪಿ.ಎಲ್. ಕುಟುಂಬದವರು ರಿಯಾಯಿತಿಯ ಬಗ್ಗೆ ನೋಂದಣಿ ಕೌಂಟರಿನಲ್ಲಿಯೇ ವಿಚಾರಿಸಬೇಕು)
3. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಚೀಟಿ, ಇದ್ದಲ್ಲಿ
4. ಹಿಂದಿನ ಚಿಕಿತ್ಸಾ ಚೀಟಿಗಳು ಮತ್ತು ಎಕ್ಸ್-ರೇ. ಇವನ್ನು ತೋರಿಸಿದಲ್ಲಿ ಅದೇ ಪರೀಕ್ಷೆಗೆ ಎರಡನೇ ಬಾರಿ ಹಣ ತೆರುವುದು ತಪ್ಪಬಹುದು
5. ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿ

ನೋವು ಯಾವಾಗ ಬರುತ್ತದೆ, ಏನು ತಿಂದಾಗ ಹೆಚ್ಚುತ್ತದೆ, ಬೆಳಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂಬುದನ್ನು ಎರಡು ವಾರಗಳ ಕಾಲ ಒಂದು ಹಾಳೆಯಲ್ಲಿ ಬರೆದು ತಂದರೆ ರೋಗ ನಿರ್ಧಾರಕ್ಕೆ ಅನುಕೂಲ. ಬೆಳಗಿನ ನೋವು ನಿದ್ರೆಯಲ್ಲಿ ಹಲ್ಲು ಕಡಿಯುವುದನ್ನೂ, ಸಂಜೆಯ ನೋವು ಹಗಲಿನಲ್ಲಿ ಹಲ್ಲು ಬಿಗಿಹಿಡಿಯುವುದನ್ನೂ ಸೂಚಿಸಬಹುದು.

10. ಯೋಜನೆಗಳು ಮತ್ತು ವಿಮೆ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ: 2018ರಲ್ಲಿ ಜಾರಿಗೆ ಬಂದ ಈ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತದೆ. ಅರ್ಹತಾ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಸಾಮಾನ್ಯ ವರ್ಗದ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ.ಗಳ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಇದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದೆ. ದವಡೆ ಮುರಿತ, ಕೀಲು ಬೆಸೆದಿರುವುದಕ್ಕೆ ಶಸ್ತ್ರಚಿಕಿತ್ಸೆ ಮುಂತಾದವುಗಳ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು. ತುರ್ತು ಸಂದರ್ಭವನ್ನು ಬಿಟ್ಟು, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪಡೆದಿರಬೇಕು. ನೈಟ್ ಗಾರ್ಡ್‌ನಂತಹ ಹೊರರೋಗಿ ಸೇವೆಗೆ ಈ ಯೋಜನೆಯನ್ನು ನಂಬಿ ಕಾಯಬಾರದು.

ಇ.ಎಸ್.ಐ.: ಕಾರ್ಖಾನೆ, ಅಂಗಡಿ ಮುಂತಾದೆಡೆ ವೇತನ ಮಿತಿಯೊಳಗೆ ದುಡಿಯುವ ವಿಮಾದಾರರು ಹಾಗೂ ಅವರ ಅವಲಂಬಿತರು ಇ.ಎಸ್.ಐ. ಚಿಕಿತ್ಸಾಲಯದ ಮೂಲಕ ದಂತ ವಿಭಾಗಕ್ಕೆ ಹೋಗಬಹುದು. ಕಲಬುರಗಿಯಲ್ಲಿ ಇ.ಎಸ್.ಐ. ನಿಗಮದ ದಂತ ವೈದ್ಯಕೀಯ ಕಾಲೇಜು ಇದೆ. ಅನೇಕ ಕಾರ್ಮಿಕರು ವೇತನದಿಂದ ಪ್ರತಿ ತಿಂಗಳು ವಂತಿಗೆ ಕಡಿತವಾಗುತ್ತಿದ್ದರೂ ಈ ಸೌಲಭ್ಯವನ್ನು ಬಳಸುವುದಿಲ್ಲ.

ದಂತ ಭಾಗ್ಯ: ಬಿ.ಪಿ.ಎಲ್. ಕುಟುಂಬಗಳ ಹಲ್ಲು ಕಳೆದುಕೊಂಡ ಹಿರಿಯರಿಗೆ ಕೃತಕ ದಂತಪಂಕ್ತಿ ನೀಡಲು ರೂಪಿಸಿದ ರಾಜ್ಯದ ಯೋಜನೆ. ಇದರ ಉದ್ದೇಶ ದಂತಪಂಕ್ತಿ ಒದಗಿಸುವುದೇ ಹೊರತು ಕೀಲಿನ ನೋವಿನ ಚಿಕಿತ್ಸೆಯಲ್ಲ. ಅರ್ಹತೆಯ ವಿವರವನ್ನು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು.

ಖಾಸಗಿ ಆರೋಗ್ಯ ವಿಮೆ: ಅಪಘಾತದಿಂದ ಉಂಟಾದ ದಂತ ಅಥವಾ ದವಡೆಯ ಗಾಯಕ್ಕೆ ಅನೇಕ ಪಾಲಿಸಿಗಳಲ್ಲಿ ರಕ್ಷಣೆ ಇರುತ್ತದೆ. ದಂತ ಚಿಕಿತ್ಸೆ ಸಿಗುವುದಿಲ್ಲವೆಂದು ಭಾವಿಸಿ ಪಾಲಿಸಿಯನ್ನು ಓದದೆ ಇರಬಾರದು.

11. ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವವರಿಗೆ ಸೂಚನೆಗಳು

ದಂತ ವೈದ್ಯರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಹೊಂದಿರಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಂತೆ ಸಂಸ್ಥೆಗಳು ಚಿಕಿತ್ಸಾ ದರಗಳನ್ನು ಪ್ರದರ್ಶಿಸಬೇಕು. ಚಿಕಿತ್ಸೆಗೆ ಒಪ್ಪುವ ಮುನ್ನ ಈ ಪ್ರಶ್ನೆಗಳನ್ನು ಕೇಳಬಹುದು:

- ನೋವು ಸ್ನಾಯುವಿನದೋ, ಕೀಲಿನದೋ, ಹಲ್ಲಿನದೋ?
- ಈ ಚಿಕಿತ್ಸೆಯನ್ನು ಈಗಲೇ ಮಾಡದಿದ್ದರೆ ಏನಾಗುತ್ತದೆ?
- ಇದಕ್ಕಿಂತ ಸರಳವಾದ ಕ್ರಮವನ್ನು ಮೊದಲು ಪ್ರಯತ್ನಿಸಬಹುದೇ?
- ಎಕ್ಸ್-ರೇ, ಪ್ರಯೋಗಾಲಯ, ಮರುಭೇಟಿ ಎಲ್ಲ ಸೇರಿ ಒಟ್ಟು ವೆಚ್ಚವೆಷ್ಟು? ಬರವಣಿಗೆಯಲ್ಲಿ ಕೊಡಬಹುದೇ?
- ಕಂತುಗಳಲ್ಲಿ ಪಾವತಿಸಲು ಅವಕಾಶವಿದೆಯೇ?

ರಸ್ತೆಬದಿಯಲ್ಲಿ ಹಲ್ಲು ಕಟ್ಟುವವರಿಂದ ಹಲ್ಲು ಉಜ್ಜಿಸಿಕೊಳ್ಳುವುದು ಅಥವಾ ದವಡೆ ತಿರುಗಿಸಿ ಕೀಲು ಕೂರಿಸಿಕೊಳ್ಳುವುದು ಅಪಾಯಕರ.

12. ಮಾನಸಿಕ ಒತ್ತಡ ಮತ್ತು ಸಹಾಯ

ಸಾಲ, ಕೆಲಸದ ಅಭದ್ರತೆ, ಕುಟುಂಬದ ಚಿಂತೆ ಇವು ದವಡೆಯನ್ನು ಬಿಗಿಯುತ್ತವೆ. ದೀರ್ಘಕಾಲದ ನೋವು ಸಹ ನಿದ್ರೆಯನ್ನೂ ಮನಸ್ಸನ್ನೂ ಕೆಡಿಸುತ್ತದೆ. ನೋವು ಕಾಲ್ಪನಿಕ ಎಂಬುದು ಇದರ ಅರ್ಥವಲ್ಲ. ನಿದ್ರೆ ಬಾರದಿರುವುದು, ನಿರಂತರ ಆತಂಕ, ಬೇಸರ ಇದ್ದಲ್ಲಿ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗದಲ್ಲಿಯೂ ಸಲಹೆ ದೊರೆಯುತ್ತದೆ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಕ್ಕಳು ರಾತ್ರಿ ಹಲ್ಲು ಕಡಿಯುವುದು ಜಂತುಹುಳುವಿನಿಂದಲೇ?
ಉತ್ತರ: ಹಲ್ಲು ಕಡಿಯುವುದೊಂದನ್ನೇ ಜಂತುಹುಳುವಿನ ಲಕ್ಷಣವೆಂದು ಹೇಳಲಾಗದು. ಮಕ್ಕಳಲ್ಲಿ ಇದು ಸಾಮಾನ್ಯವಾಗಿದ್ದು, ಬೆಳೆದಂತೆ ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ ನೀಡುವ ಜಂತುಹುಳು ನಿವಾರಕ ಮಾತ್ರೆಯನ್ನು ಮಗುವಿನ ಒಟ್ಟು ಆರೋಗ್ಯಕ್ಕಾಗಿ ತಪ್ಪದೆ ಕೊಡಿಸಬೇಕು. ಹಲ್ಲು ಸವೆತ, ನೋವು, ಗೊರಕೆ ಇದ್ದಲ್ಲಿ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ನೋವು ಕಡಿಮೆಯಾಗಲು ಎಷ್ಟು ಕಾಲ ಬೇಕು?
ಉತ್ತರ: ಕ್ರಮಬದ್ಧ ಆರೈಕೆಯಿಂದ ಅನೇಕರಲ್ಲಿ 6ರಿಂದ 12 ವಾರಗಳಲ್ಲಿ ಸುಧಾರಣೆ ಕಂಡುಬರುತ್ತದೆ. ಒತ್ತಡದ ದಿನಗಳಲ್ಲಿ ನೋವು ಮರಳಬಹುದು. ಆಗ ಅದೇ ಕ್ರಮಗಳನ್ನು ಪುನಃ ಆರಂಭಿಸಬೇಕು.

ಪ್ರಶ್ನೆ: ಎಂ.ಆರ್.ಐ. ಪರೀಕ್ಷೆ ಎಲ್ಲರಿಗೂ ಬೇಕೇ?
ಉತ್ತರ: ಇಲ್ಲ. ಹೆಚ್ಚಿನವರಲ್ಲಿ ವೈದ್ಯರು ಕೈಯಿಂದ ಪರೀಕ್ಷಿಸಿಯೇ ರೋಗ ನಿರ್ಧರಿಸುತ್ತಾರೆ. ಬಾಯಿ ಸಿಕ್ಕಿಹಾಕಿಕೊಳ್ಳುವುದು ಅಥವಾ ಚಿಕಿತ್ಸೆಗೆ ನೋವು ಬಗ್ಗದಿರುವುದು ಕಂಡುಬಂದಾಗ ಇದರ ಅಗತ್ಯ ಬೀಳಬಹುದು.

ಪ್ರಶ್ನೆ: ಆಸ್ಪತ್ರೆಯಲ್ಲಿ ಸೇವೆ ದೊರೆಯದಿದ್ದರೆ ಯಾರಿಗೆ ದೂರು ನೀಡಬೇಕು?
ಉತ್ತರ: ಮೊದಲು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿಗೆ, ನಂತರ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಲಿಖಿತವಾಗಿ ದೂರು ನೀಡಬಹುದು. ಹೊರರೋಗಿ ಚೀಟಿಯ ಪ್ರತಿಯನ್ನು ಲಗತ್ತಿಸಬೇಕು.

ಸಾರ್ವಜನಿಕರ ಗಮನಕ್ಕೆ

ಈ ಮಾಹಿತಿಯು ತಿಳಿವಳಿಕೆಗಾಗಿ ಮಾತ್ರವಾಗಿದ್ದು, ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಅಪಾಯದ ಲಕ್ಷಣಗಳಿಲ್ಲದಿದ್ದಲ್ಲಿ ಮನೆಯ ಆರೈಕೆಯನ್ನು ಇಂದೇ ಆರಂಭಿಸಬಹುದು. ಮೂರು ವಾರಗಳಲ್ಲಿ ನೋವು ತಗ್ಗದಿದ್ದರೆ, ಅಥವಾ ಬಾಯಿ ತೆರೆಯುವುದು ಕಡಿಮೆಯಾಗುತ್ತಿದ್ದರೆ, ಮನೆಯ ಆರೈಕೆಯನ್ನು ಮುಂದುವರಿಸುತ್ತಲೇ ಸಮೀಪದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ವಿಮೆ ಇಲ್ಲವೆಂಬ ಕಾರಣಕ್ಕೆ ತಪಾಸಣೆಯನ್ನು ಮುಂದೂಡಬಾರದು.